"ಗೋಥ್ ತಗೋಬ್ಯಾಡ್ರಪ": ಅಗ್ಗದ ಸೈನ್ಯದ ಜಗಳದ ಹಿನ್ನೆಲೆ

ಬಳ್ಳಾರಿ, ರಾಯಚೂರು, ಗಂಗಾವತಿ ಕಡೆ ನಾಲ್ಕು ಹುಡುಗರು ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟ ಆಡಲು ಕೂತರೆ ಆಟಕ್ಕಿಂತ ಮುಂಚೆ ಕರಾರು ಶುರುವಾಗುತ್ತದೆ: "ಗೋಥ್ ತಗೋಬ್ಯಾಡ್ರಪ." ಗೋಥ್ ಅಂದರೆ ಆಟದಲ್ಲಿ ಆರಿಸಿಕೊಳ್ಳಬಹುದಾದ ಒಂದು ಪಡೆ. ಯಾಕೆ ಬೇಡ ಅಂದರೆ ಒಬ್ಬ "ಸೈನ್ಯ ಪುಕ್ಕಟೆ ಬರ್ತದ" ಅನ್ನುತ್ತಾನೆ, ಇನ್ನೊಬ್ಬ "ಈಗ ಹಂಗಿಲ್ಲ" ಅನ್ನುತ್ತಾನೆ. ಇಬ್ಬರ ಮಾತೂ ನಿಜ. ಒಬ್ಬ ಕಲಿತದ್ದು ಹಳೇ ಸಿಡಿಯಲ್ಲಿ, ಇನ್ನೊಬ್ಬ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಿಂದ ಇಳಿಸಿಕೊಂಡ ಹೊಸ ಆವೃತ್ತಿಯಲ್ಲಿ. ಹೆಸರು ಒಂದೇ ಆದರೂ ಪಡೆ ಒಂದೇ ಅಲ್ಲ.

378ರಲ್ಲಿ ಏಡ್ರಿಯಾನೋಪಲ್‌ನಲ್ಲಿ ರೋಮನ್ ಸೈನ್ಯವನ್ನು ಮುರಿದು, 410ರಲ್ಲಿ ರೋಮ್ ನಗರವನ್ನೇ ಲೂಟಿ ಮಾಡಿದ ಗೋಥರು, 1999ರಲ್ಲಿ ಎನ್‌ಸೆಂಬಲ್ ಸ್ಟುಡಿಯೋಸ್ ತಂದ ಈ ಆಟದ 13 ನಾಗರಿಕತೆಗಳಲ್ಲಿ ಒಂದಾದರು. ಕಾಲಾಳು ಅಗ್ಗ, ಕಲ್ಲಿನ ಗೋಡೆ ಇಲ್ಲ: ಅವರ ಗುಣ, ದೋಷ ಎರಡೂ ಅಂದಿನಿಂದ ಇವೇ.

ಜಗಳ ನಿಜವಾಗಿ ಹುಟ್ಟಿದ್ದು 2000ರಲ್ಲಿ ಇದೇ ಆಟಕ್ಕೆ ಸೇರ್ಪಡೆಯಾಗಿ ಬಂದ ದಿ ಕಾಂಕರರ್ಸ್ ಸಿಡಿಯಿಂದ. ಅದರಲ್ಲಿ ಆಟದ ನಾಲ್ಕು ಯುಗಗಳಲ್ಲಿ ಎರಡನೆಯದಾದ ಫ್ಯೂಡಲ್ ಯುಗದಿಂದಲೇ ಗೋಥರ ಕಾಲಾಳಿನ ಬೆಲೆಗೆ ಶೇ 35 ಕಡಿತ. ಹಸ್ಕಾರ್ಲ್ ಎಂಬ ಅವರ ವಿಶೇಷ ಯೋಧನ ಮೂಲ ಬೆಲೆ 80 ಫುಡ್, 40 ಗೋಲ್ಡ್. ಕೈಗೆ ಬರುವುದು 52ಕ್ಕೆ, 26ಕ್ಕೆ. ಅಂದರೆ 10 ಜನರ ದುಡ್ಡಿನಲ್ಲಿ 15 ಜನ. ಮೇಲಾಗಿ ಅವನ ಮೈಮೇಲೆ ಬಾಣ ತಡೆಯುವ ಕವಚ 6. ಕ್ರಾಸ್‌ಬೋ ಬಾಣದ ಪೆಟ್ಟು 5 ಮಾತ್ರ, ಹಾಗಾಗಿ ತಾಗಿದರೂ ಕಳೆಯುವುದು ಒಂದೇ ಅಂಕ. ಬಿಲ್ಲುಗಾರರನ್ನೇ ನಂಬಿ ಕೂತವನ ಮುಂದೆ ಹಸ್ಕಾರ್ಲ್ ಗುಂಪು ನಡೆದು ಬಂದರೆ ಅವನಿಗೆ "ಮೋಸ" ಅನ್ನಿಸುವುದು ಸಹಜ.

ಆದರೆ ಅಗ್ಗದ ಸೈನ್ಯ ಅಂದರೆ ಸುಲಭದ ಸೈನ್ಯ ಅಲ್ಲ. ಇದನ್ನು ಕರಾರು ಹಾಕುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಸ್ಕಾರ್ಲ್ ಹುಟ್ಟುವುದು ಕೋಟೆಯಲ್ಲಿ, ಮೊದಲು ಅದಕ್ಕೆ 650 ಕಲ್ಲು ಬೇಕು. ಅಲ್ಲಿ ಅನಾರ್ಕಿ ಎಂಬ ತಂತ್ರ ಕಲಿಯಲು 450 ಫುಡ್, 250 ಗೋಲ್ಡ್. ಆಗ ಹಸ್ಕಾರ್ಲ್ ಮಾಮೂಲಿ ಕಾಲಾಳು ತಯಾರಾಗುವ ಬ್ಯಾರಕ್‌ನಲ್ಲೂ ಹುಟ್ಟುತ್ತಾನೆ. ಪರ್ಫ್ಯೂಷನ್ ಎಂಬ ಇನ್ನೊಂದು ತಂತ್ರಕ್ಕೆ 400 ವುಡ್, 600 ಗೋಲ್ಡ್. ಆಗ ಬ್ಯಾರಕ್ ಎರಡು ಪಟ್ಟು ವೇಗ, 16 ಸೆಕೆಂಡಿನ ಕೆಲಸಕ್ಕೆ 8 ಸಾಕು. ಬ್ಯಾರಕ್ ಒಂದಕ್ಕೆ 175 ವುಡ್, ಆರು ಕಟ್ಟಿದರೆ 1050.

ಇಲ್ಲಿಯೇ ಬಹಳ ಜನ ಎಡವುತ್ತಾರೆ. 8 ಸೆಕೆಂಡಿಗೆ ಒಬ್ಬ ಎಂದು ಹಿಡಿದರೂ ಒಂದು ಬ್ಯಾರಕ್ ನಿಮಿಷಕ್ಕೆ ನುಂಗುವುದು 390 ಫುಡ್, 195 ಗೋಲ್ಡ್. ಹೊಲದಲ್ಲಿ ದುಡಿಯುವವನೊಬ್ಬ ನಿಮಿಷಕ್ಕೆ ತರುವುದು ಸುಮಾರು 20 ಫುಡ್. ಒಂದೇ ಬ್ಯಾರಕ್ಕಿಗೆ ಇಪ್ಪತ್ತು ಜನ ರೈತರು! ಆರು ಬ್ಯಾರಕ್‌ಗಳನ್ನು ನಿಲ್ಲಿಸದೆ ನಡೆಸಲು 200ರ ಜನಸಂಖ್ಯೆಯ ಆಟದಲ್ಲಿ ಯಾರಿಂದಲೂ ಆಗದು. ಹಾಗಾಗಿ ಗೋಥರ ಪ್ರವಾಹ ಎಂದರೆ ಕೂಡಿಟ್ಟದ್ದನ್ನು ಒಂದೇ ಸಲ ಬಿಡುವುದು. ತುಂಗಭದ್ರಾ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಸಸಿಮಡಿ ತಯಾರಿರಬೇಕಲ್ಲ, ಹಾಗೆ ಪರ್ಫ್ಯೂಷನ್ ಮುಗಿಯುವ ಹೊತ್ತಿಗೆ ಬ್ಯಾರಕ್ ಎದ್ದಿರಬೇಕು, ಮೂರು ನಾಲ್ಕು ಸಾವಿರ ಫುಡ್ ಕೈಯಲ್ಲಿರಬೇಕು. ಬ್ಯಾರಕ್‌ಗಳನ್ನು ಊರೊಳಗೆ ಕಟ್ಟದೆ ಎದುರಾಳಿಯ ಕಡೆಗೆ ಸರಿಸಿ ಕಟ್ಟಬೇಕು, ಇಲ್ಲದಿದ್ದರೆ ಮೊದಲ ಗುಂಪು ಸತ್ತಾಗ ಎರಡನೆಯದು ಇನ್ನೂ ದಾರಿಯಲ್ಲಿರುತ್ತದೆ.

ಗೋಲ್ಡ್ ಮುಗಿದ ಮೇಲೆ ಕೈಹಿಡಿಯುವವನು ಹಾಲ್ಬರ್ಡಿಯರ್ ಎಂಬ ಉದ್ದ ಈಟಿಯ ಕಾಲಾಳು. 35 ಫುಡ್, 25 ವುಡ್ ಇದ್ದವನು ಆ ಸಿಡಿಯಲ್ಲಿ ಗೋಥರಿಗೆ ಸುಮಾರು 23ಕ್ಕೆ, 16ಕ್ಕೆ ಬರುತ್ತಾನೆ. ಕುದುರೆ ಸೈನ್ಯ ನಂಬಿದವರಿಗೆ ಹಸ್ಕಾರ್ಲ್‌ಗಿಂತ ಇವನೇ ಹೆಚ್ಚು ಕಾಟ.

ತಡೆಯುವ ದಾರಿಯೂ ಹಳೇ ಸಿಡಿಯಿಂದಲೇ ಇದೆ. ಗೋಥರಿಗೆ ಕಾಲಾಳಿನ ಕೊನೆಯ ಕವಚವಾದ ಪ್ಲೇಟ್ ಮೇಲ್ ಸಿಗುವುದಿಲ್ಲ. ಅದು ಸಿಗುವ ನಾಗರಿಕತೆಯ ಚಾಂಪಿಯನ್ ಎಂಬ ಕೊನೆಯ ಹಂತದ ಕತ್ತಿಯಾಳು, ಬೈಜಾಂಟೀನರ ಕುದುರೆ ಸವಾರ ಕ್ಯಾಟಫ್ರಾಕ್ಟ್, ಜಪಾನಿನ ಸಮುರಾಯ್, ಗುಂಪಿನ ಮೇಲೆ ಕಲ್ಲೆಸೆಯುವ ಓನಜರ್, ಎಲ್ಲವೂ ಹಸ್ಕಾರ್ಲ್‌ಗೆ ಕಂಟಕ. ಎಲ್ಲಕ್ಕಿಂತ ಮೇಲು, ಕೋಟೆಗೆ ಕಲ್ಲು ಕೂಡುವ ಮೊದಲೇ ಹೊಡೆಯುವುದು. ಆ ಹೊತ್ತಿನಲ್ಲಿ ಗೋಥರಿಗೆ ಮರದ ಬೇಲಿ ಬಿಟ್ಟರೆ ಬೇರೆ ಗೋಡೆಯಿಲ್ಲ. ಬಿಲ್ಲುಗಾರರನ್ನೇ ಮತ್ತೆ ಮತ್ತೆ ತಂದು ಸೋತು, ಆಮೇಲೆ ಗೋಥ್ ಬೇಡ ಅನ್ನುವುದು ನ್ಯಾಯವಲ್ಲ.

2013ರ ಎಚ್‌ಡಿ ಆವೃತ್ತಿಯನ್ನು ದಾಟಿ 2019ರ ನವೆಂಬರ್‌ಗೆ ಬಂದರೆ ಡೆಫಿನಿಟಿವ್ ಎಡಿಷನ್. ಶೇ 35ರ ಕಡಿತ ಆಗ ಕೊನೆಯ ಯುಗಕ್ಕೆ ಸರಿದು, ಅದಕ್ಕೆ ಮುಂಚಿನ ಯುಗಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವಂತಾಯಿತು. ಇನ್ನೂ ದೊಡ್ಡ ಬದಲಾವಣೆ ಸಪ್ಲೈಸ್ ಎಂಬ ಹೊಸ ತಂತ್ರ. ಅದನ್ನು ಕಲಿತ ಬೇರೆ ನಾಗರಿಕತೆಗಳಿಗೆ ಕತ್ತಿಯಾಳಿನ ಬೆಲೆಯಲ್ಲಿ 15 ಫುಡ್ ಇಳಿಯಿತು. ಗೋಥರಿಗೆ ಅದನ್ನು ಕೊಡಲಿಲ್ಲ. ಹಿಂದೆ ಬೇರೆಯವರ ಚಾಂಪಿಯನ್ 60 ಫುಡ್, ಗೋಥರದು 39: ಅಂತರ 21. ಡೆಫಿನಿಟಿವ್ ಎಡಿಷನ್ ಬಂದಾಗ 45ಕ್ಕೆ 39: ಅಂತರ ಬರೀ 6. ಗೋಲ್ಡ್‌ನಲ್ಲಿ ಮಾತ್ರ 20ಕ್ಕೆ 13ರ ಲಾಭ ಉಳಿಯಿತು. ಆಮೇಲೂ ಅಪ್‌ಡೇಟ್‌ಗಳು ಬರುತ್ತಲೇ ಇವೆ, ಅಂಕಿ ಜಾರುತ್ತಲೇ ಇದೆ. ಆಡುವ ಮುಂಚೆ ಆಟದೊಳಗಿನ ಟೆಕ್ ಟ್ರೀ ಎಂಬ ಪಟ್ಟಿ ತೆರೆದು ಅವತ್ತಿನ ಬೆಲೆ ನೋಡಿಕೊಳ್ಳುವುದು ಒಳ್ಳೆಯದು.

2022ರ ಏಪ್ರಿಲ್‌ನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಸೇರ್ಪಡೆ ಬಂದ ಮೇಲೆ ಜಗಳಕ್ಕೆ ನಮ್ಮ ಕಡೆಯ ಒಂದು ಹೆಸರೂ ಸೇರಿತು: ಡ್ರವಿಡಿಯನ್ಸ್. ಅವರಿಗೆ ಯೋಧ ಅಗ್ಗವಲ್ಲ, ಬ್ಯಾರಕ್‌ನ ತಂತ್ರಗಳು ಅರ್ಧ ಬೆಲೆಗೆ ಸಿಗುತ್ತವೆ. ಕೊನೆಯ ಯುಗದಲ್ಲಿ ವೂಟ್ಜ್ ಸ್ಟೀಲ್ ಕಲಿತರೆ ಅವರ ಕತ್ತಿಗೆ ಎದುರಾಳಿಯ ಕವಚ ಲೆಕ್ಕಕ್ಕಿಲ್ಲ. ವೂಟ್ಜ್ ಅಂದರೆ ನಮ್ಮ "ಉಕ್ಕು" ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡದ್ದು ಎಂಬ ಮಾತಿದೆ. ಹಸ್ಕಾರ್ಲ್‌ನ ಬಲವೆಲ್ಲ ಬಾಣ ತಡೆಯುವ ಕವಚದಲ್ಲಿದೆ, ಕತ್ತಿಯೇಟು ತಡೆಯುವುದರಲ್ಲಿ ಅವನು ಮೊದಲಿಂದಲೂ ಬಡವ. ಡ್ರವಿಡಿಯನ್ ಚಾಂಪಿಯನ್‌ಗಳ ಸಾಲು ನಿಂತಿರುವ ಕಡೆ ಗೋಥರ ಪ್ರವಾಹ ಬಿಡುವವನು ಅಲ್ಲಿಗೆ ಹಾಲ್ಬರ್ಡಿಯರ್ ಕಳಿಸಿ ಫುಡ್ ಹಾಳುಮಾಡದೆ, ಎರಡು ಓನಜರ್ ಜೊತೆಗಿಟ್ಟುಕೊಂಡೇ ಹೊರಡಬೇಕು.