ಬಿರುಕಿಗೆ ಮದ್ದಾದ ಹೆಪ್ಪು

ಅಮೆರಿಕದ ಅಲ್ಕೋವಾ ಕಂಪನಿ 1943ರಲ್ಲಿ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ಹೊರತಂದಿತು. ಸತು, ಮೆಗ್ನೀಸಿಯಂ, ತಾಮ್ರ ಬೆರೆತ ಇದು ಹಗುರ, ಗಟ್ಟಿ. ವಿಮಾನಕ್ಕೆಂದೇ ಹೇಳಿ ಮಾಡಿಸಿದಂತಿತ್ತು. ಆದರೆ ವೆಲ್ಡಿಂಗ್ ಮಾಡಿದರೆ ಬಿರುಕು ಬಿಡುತ್ತಿತ್ತು. ವಿಮಾನ ಕಟ್ಟುವವರು ರಿವೆಟ್ ಹೊಡೆದು ಕೆಲಸ ಸಾಗಿಸಿದರು.

1990ರ ದಶಕದ ನಡುವೆ ಜರ್ಮನಿಯ ಆಖೆನ್‌ನಲ್ಲಿ, ಫ್ರಾನ್‌ಹೋಫರ್ ಸಂಸ್ಥೆಯವರು ಲೋಹದ ಪುಡಿಯನ್ನು ಲೇಸರ್‌ನಿಂದ ಪೂರ್ತಿ ಕರಗಿಸಿ ಪದರದ ಮೇಲೆ ಪದರ ಕಟ್ಟುವ ವಿಧಾನ ರೂಪಿಸಿದರು. ಲೋಹದ ತ್ರೀಡಿ ಪ್ರಿಂಟಿಂಗ್ ಎಂದರೆ ಒತ್ತೊತ್ತಾಗಿ ಹಾಕಿದ ಸಾವಿರಾರು ವೆಲ್ಡಿಂಗ್‌ಗಳೇ. ಹಾಗಾಗಿ ಹಳೆಯ ಕಾಯಿಲೆ ಇಲ್ಲೂ ಮರುಕಳಿಸಿತು.

ಬಿರಿದ ತುಂಡನ್ನು ಕೊಯ್ದು, ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾರಣ ಕಣ್ಣಿಗೇ ಕಾಣುತ್ತದೆ. ಲೋಹದೊಳಗಿನ ಹರಳುಗಳು ಕಬ್ಬಿನ ಜಲ್ಲೆಗಳಂತೆ ಉದ್ದುದ್ದ ನಿಂತಿರುತ್ತವೆ, ಸೀಳುಗಳು ಅವುಗಳ ಸಂದಿಯಲ್ಲೇ ಮೇಲೇರಿರುತ್ತವೆ. 7075 ಸುಮಾರು 635 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗತೊಡಗಿದರೂ ಪೂರ್ತಿ ಗಟ್ಟಿಯಾಗುವುದು 477ರ ಆಸುಪಾಸಿನಲ್ಲಿ. ಅಲ್ಲಿಯತನಕ ಸಂದಿಗಳಲ್ಲಿ ತೆಳ್ಳಗೆ ದ್ರವ ಉಳಿದಿರುತ್ತದೆ. ಲೋಹ ತಣಿಯುತ್ತ ಕುಗ್ಗುತ್ತದೆ, ತೆರವಾದ ಜಾಗಕ್ಕೆ ಹೊಸ ದ್ರವ ಇಳಿದು ಬರಲಾಗದು, ಸಂದಿ ಸೀಳಿಹೋಗುತ್ತದೆ.

ತ್ರೀಡಿ ಪ್ರಿಂಟಿಂಗ್ ಮಾಡುವ ಬಹುಪಾಲು ಮಂದಿ 7075 ಬಿಟ್ಟು ಶೇ 10ರಷ್ಟು ಸಿಲಿಕಾನ್ ಇರುವ ಎರಕದ ಅಲ್ಯೂಮಿನಿಯಂ ಹಿಡಿದರು. ಅದು ಬಿರಿಯುವುದಿಲ್ಲ, ಆದರೆ 7075ರ ಬಲ ಅದಕ್ಕಿಲ್ಲ. ಲೇಸರ್‌ನ ವೇಗ ಬದಲಿಸಿದ್ದೂ ಆಯಿತು, ತಳದ ತಟ್ಟೆ ಬಿಸಿ ಮಾಡಿದ್ದೂ ಆಯಿತು. ಯಂತ್ರದ ಕಡೆಗೇ ಇಷ್ಟು ಕಾಲ ನೋಡಿದ್ದು ತಪ್ಪೆಂದೇ ನನಗನ್ನಿಸುತ್ತದೆ. ಕರಗಿದ ಅಲ್ಯೂಮಿನಿಯಂಗೆ ಚೂರು ಟೈಟಾನಿಯಂ-ಬೋರಾನ್ ಹಾಕಿದರೆ ಹರಳು ಸಣ್ಣದಾಗುತ್ತದೆ ಎಂಬುದು ಎರಕದವರಿಗೆ ಎಂದೋ ಗೊತ್ತಿತ್ತು.

2017ರಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬುವಿನ ಎಚ್‌ಆರ್‌ಎಲ್ ಪ್ರಯೋಗಾಲಯದ ಜಾನ್ ಮಾರ್ಟಿನ್ ಮತ್ತು ಸಂಗಡಿಗರು ಆ ತಿಳಿವಳಿಕೆಯನ್ನೇ ಪುಡಿಗೆ ತಂದರು. ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 7075 ಪುಡಿಯ ಕಣಗಳ ಮೈಗೆ ಜಿರ್ಕೋನಿಯಂನ ನ್ಯಾನೊಕಣಗಳನ್ನು ಅಂಟಿಸಿದರು, ಗಾತ್ರದ ಲೆಕ್ಕದಲ್ಲಿ ಶೇ 1 ಮಾತ್ರ. ಕರಗಿದಾಗ ಅದು ಅಲ್ಯೂಮಿನಿಯಂ ಜೊತೆ ಕೂಡಿ, ಹಾಲಿಗೆ ಬಿಟ್ಟ ಹೆಪ್ಪಿನಂತೆ ಕೆಲಸ ಮಾಡುತ್ತದೆ. ಹೀಗೆ ಕೂಡಿ ಹುಟ್ಟಿದ ಸಂಯುಕ್ತದ ಪರಮಾಣು ಜೋಡಣೆ ಅಲ್ಯೂಮಿನಿಯಂನದಕ್ಕೆ ಹೊಂದುವುದರಿಂದ ಹರಳುಗಳು ತಳದಿಂದಷ್ಟೇ ಬೆಳೆಯದೆ ಎಲ್ಲೆಡೆ ಒಮ್ಮೆಲೇ ಹುಟ್ಟುತ್ತವೆ. ಜಲ್ಲೆಯ ಬದಲು ರವೆ. ರವೆಯಂಥ ಹರಳುಗಳ ನಡುವೆ ದ್ರವ ಸುಲಭವಾಗಿ ಹರಿದು ಸಂದಿ ತುಂಬುತ್ತದೆ, ಕುಗ್ಗುವ ಎಳೆತವನ್ನೂ ಲೋಹ ತಾಳಿಕೊಳ್ಳುತ್ತದೆ.

2019ರಲ್ಲಿ ಈ ಲೋಹ 7ಎ77 ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ನಾಸಾದ ಮಾರ್ಷಲ್ ಕೇಂದ್ರ ಅದರ ಮೊದಲ ಗಿರಾಕಿ. ಇನ್ನೊಂದು ತೊಡಕು ಮಾತ್ರ ಹೆಪ್ಪಿನಿಂದ ನೀಗುವಂಥದ್ದಲ್ಲ: ಲೇಸರ್‌ನ ಕಾವಿಗೆ ಸತು, ಮೆಗ್ನೀಸಿಯಂ ಒಂದಿಷ್ಟು ಆವಿಯಾಗಿ ಹೋಗುತ್ತವೆ, ಲೋಹದ ಬಲ ನಿಂತಿರುವುದೋ ಅವುಗಳ ಮೇಲೆಯೇ.