23 ತಳಿಗಳ ಪಟ್ಟಿ ಬಂದದ್ದು ಎಲ್ಲಿಂದ, ಬಿದ್ದದ್ದು ಏಕೆ?

ಬೀದರ್‌ನಲ್ಲಿ ಪಿಟ್‌ಬುಲ್ ಅಥವಾ ರಾಟ್‌ವೀಲರ್ ತಳಿಯ ನಾಯಿ ಸಾಕುವುದಕ್ಕೆ ನಿಷೇಧವಿದೆಯೇ ಎಂದು ಕೇಳುವವರಿದ್ದಾರೆ. ಈ ಗೊಂದಲದ ಮೂಲ ಕೇಂದ್ರ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಕಳುಹಿಸಿದ ಸುತ್ತೋಲೆ. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ, ಡೋಗೊ ಅರ್ಜೆಂಟಿನೊ ಸೇರಿದಂತೆ 23 ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಆಮದು, ಮಾರಾಟ, ಸಾಕಣೆಗೆ ಅನುಮತಿ ಕೊಡಬೇಡಿ ಎಂದು ಅದು ಸೂಚಿಸಿತ್ತು. ಈಗಾಗಲೇ ಮನೆಗಳಲ್ಲಿರುವ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಹೇಳಿತ್ತು.

ಆ ಪಟ್ಟಿಯ ಹಿಂದೆ ನಿಜವಾದ ಭಯವಿತ್ತು. 2022ರ ಜುಲೈನಲ್ಲಿ ಲಖನೌದಲ್ಲಿ ಮನೆಯ ಪಿಟ್‌ಬುಲ್ ದಾಳಿಗೆ ವೃದ್ಧೆಯೊಬ್ಬರು ಬಲಿಯಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗಾಜಿಯಾಬಾದ್ ನಗರಪಾಲಿಕೆ ಮೂರು ತಳಿಗಳನ್ನು ನಿಷೇಧಿಸಿತು. ವಿಷಯ ದೆಹಲಿ ಹೈಕೋರ್ಟ್ ತಲುಪಿತು. ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದು ಅದು 2023ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. ಸುತ್ತೋಲೆ ಬಂದದ್ದು ಆ ಗಡುವಿನ ಒತ್ತಡದಲ್ಲಿ.

ತಳಿಯ ಹೆಸರು ಹಿಡಿದು ಕಾನೂನು ಮಾಡುವುದು ಹೊಸದಲ್ಲ. ಬ್ರಿಟನ್ 1991ರಲ್ಲಿಯೇ ನಾಲ್ಕು ಬಗೆಯ ನಾಯಿಗಳನ್ನು ನಿರ್ಬಂಧಿಸಿತು. ಆದರೂ ದಾಳಿಗಳು ನಿಲ್ಲದೆ, 2023ರ ಕೊನೆಗೆ ಎಕ್ಸ್‌ಎಲ್ ಬುಲ್ಲಿ ಎಂಬ ಬಗೆಯ ನಾಯಿಯನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನೆದರ್‌ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತಗಳು ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. ಈ ಅನುಭವ ನಮ್ಮ ಮುಂದಿದ್ದೂ ಅವಸರದಲ್ಲಿ ಪಟ್ಟಿ ಹೊರಡಿಸಿದ್ದು ನನಗೆ ಸರಿ ಕಾಣುವುದಿಲ್ಲ.

ಕರ್ನಾಟಕದಲ್ಲಿ ಆ ಸುತ್ತೋಲೆಯ ಆಯಸ್ಸು ಒಂದೇ ವಾರ. ಮಾರ್ಚ್ 19ರಂದು ರಾಜ್ಯ ಹೈಕೋರ್ಟ್ ತಡೆಯಾಜ್ಞೆ ನೀಡಿತು, ಏಪ್ರಿಲ್ 10ರಂದು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲ, ಕ್ರಮಬದ್ಧವಾಗಿ ನಡೆದಿಲ್ಲ ಎಂಬುದು ಮುಖ್ಯ ಕಾರಣ. ಸರಿಯಾದ ಕ್ರಮ ಅನುಸರಿಸಿ ಹೊಸದಾಗಿ ತೀರ್ಮಾನಿಸಲು ಕೇಂದ್ರಕ್ಕೆ ದಾರಿಯನ್ನು ಮಾತ್ರ ಮುಚ್ಚಲಿಲ್ಲ. ಕಲಬುರಗಿ, ಬೀದರ್, ಯಾದಗಿರಿಗೂ ಈ ತೀರ್ಪು ಅನ್ವಯ.

ಹಾಗೆ ಹೊಸದಾಗಿ ಯೋಚಿಸುವುದಾದರೆ ತಜ್ಞರು ದೂರವಿಲ್ಲ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಬೀದರ್‌ನಲ್ಲಿಯೇ. ಮುಧೋಳ ನಾಯಿಗೆಂದೇ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿರುವುದೂ ಅದೇ ವಿಶ್ವವಿದ್ಯಾಲಯ. ಯಾವ ತಳಿಯ ನಾಯಿಯನ್ನು ಹೇಗೆ ಬೆಳೆಸಬೇಕು, ಹೇಗೆ ಪಳಗಿಸಬೇಕು ಎಂಬುದನ್ನು ಅವರಿಂದ ಕೇಳಬೇಕು.

ಪಟ್ಟಿ ಬಿದ್ದುಹೋಯಿತೆಂದು ಮಾಲೀಕರು ನಿರಾಳವಾಗುವಂತಿಲ್ಲ. ತನ್ನ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನಾಯಿ ಪಿಟ್‌ಬುಲ್ಲೋ ನಾಟಿಯೋ ಎಂಬ ಭೇದ ಅಲ್ಲಿಲ್ಲ. ಆದರೆ ಇದು ಅನಾಹುತವಾದ ಮೇಲಿನ ಮಾತು. ಮುಂಚಿತವಾಗಿ ಮಾಡಬೇಕಾದದ್ದು ಸ್ಥಳೀಯ ಆಡಳಿತದ ಕೆಲಸ: ಸಾಕುನಾಯಿಗಳ ನೋಂದಣಿ, ಪ್ರತಿ ವರ್ಷ ರೇಬಿಸ್ ಲಸಿಕೆಯ ದಾಖಲೆ ಪರಿಶೀಲನೆ, ಬೀದಿಗೆ ಕರೆತರುವಾಗ ಕೊರಳಪಟ್ಟಿ, ಹಗ್ಗ, ಬೇಕಾದಲ್ಲಿ ಬಾಯಿಕುಕ್ಕೆ. ಇವುಗಳಲ್ಲಿ ಯಾವುದಕ್ಕೂ ದೆಹಲಿಯ ಹೊಸ ಸುತ್ತೋಲೆಗಾಗಿ ಕಾಯಬೇಕಿಲ್ಲ.