‘ಅದಾರ’ ಅಂದರೆ ಹ್ಯಾವ್, ‘ಆಕತ್ತಾರ’ ಅಂದರೆ ಹ್ಯಾವಿಂಗ್

ಧಾರವಾಡದ ಸಪ್ತಾಪುರದಲ್ಲಿ ಇಂಗ್ಲಿಷ್ ಮಾತಾಡೋದು ಕಲಿಸುತ್ತೇನೆ. ರೋಣ, ಶಿರಹಟ್ಟಿ, ಹಿರೇಕೆರೂರು ಕಡೆಯ ಹುಡುಗರೇ ಜಾಸ್ತಿ. ಗ್ರಾಮರ್ ಎಲ್ಲ ಬಾಯಿಪಾಠ. ಆದರೆ ಪರಿಚಯ ಹೇಳು ಅಂದರೆ ಸಾಕು, “ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್”. ‘ಐ ಹ್ಯಾವ್’ ಅನ್ನಬೇಕು ಅಂತ ಇವತ್ತು ತಿದ್ದಿದರೆ ನಾಳೆ ಮತ್ತೆ ಅದೇ. ಸಿಟ್ಟು ಬರದೆ ಇರುತ್ತಾ?

ಹೋದ ವರ್ಷ ಒಬ್ಬ ಹುಡುಗಿ ಸಂದರ್ಶನದಲ್ಲಿ “ಮೈ ಸಿಸ್ಟರ್ ಈಸ್ ಹ್ಯಾವಿಂಗ್ ಎ ಬೇಬಿ” ಅಂದಳು. ಎದುರಿಗಿದ್ದವರು ಖುಷಿಯಿಂದ, ಹೆರಿಗೆ ಯಾವಾಗ ಅಂತ ಕೇಳಿದರು. ಇವಳಿಗೆ ಬಾಯಿ ಕಟ್ಟಿತು. ಮರುದಿನ ಬಂದು, “ಸರ್, ಕೂಸು ಆಗ್ಲೇ ನಡ್ಯಾಕತ್ತೈತ್ರಿ” ಅಂದಾಗ ಕಣ್ಣಲ್ಲಿ ನೀರಿತ್ತು. ಅಕ್ಕನಿಗೆ ಮಗು ಇದೆ ಅನ್ನೋಕೆ ‘ಹ್ಯಾಸ್ ಎ ಬೇಬಿ’ ಸಾಕಿತ್ತು. ‘ಈಸ್ ಹ್ಯಾವಿಂಗ್’ ಅಂದರೆ ಬಸುರಿ, ಹೆರಿಗೆ ಇನ್ನೂ ಆಗಬೇಕು ಅಂತ.

ದಿನನಿತ್ಯದ ಮಾತಿನ ಕನ್ನಡದಲ್ಲಿ ‘ಹ್ಯಾವ್’ಗೆ ಅಂತ ಬೇರೆ ಕ್ರಿಯಾಪದ ಬಳಸೋದಿಲ್ಲ. ಅಣ್ಣ ಇದ್ದಾನೆ, ದುಡ್ಡಿದೆ, ಮನೆಗೆ ಎರಡು ಬಾಗಿಲಿವೆ, ಎಲ್ಲಕ್ಕೂ ‘ಇರು’ ನಡೆಯುತ್ತದೆ. ಶಾಲೆಯಲ್ಲಿ “ಬರುತ್ತಾ ಇದ್ದಾನೆ” ಅಂದರೆ ‘ಈಸ್ ಕಮಿಂಗ್’ ಅಂತ ಕಲಿಸಿರುತ್ತಾರೆ. ಅದಕ್ಕೇ ‘ಇದ್ದಾನೆ’ ಅಂದಕೂಡಲೇ ನಾಲಿಗೆ ‘ಇಂಗ್’ ಕಡೆ ಓಡುತ್ತದೆ. ನನಗೆ ಕಂಡ ಮಟ್ಟಿಗೆ ಕಾರಣ ಇದೇ.

ಹಾಗಾಗಿ ಪುಸ್ತಕದ ಕನ್ನಡ ಬಿಡಿ, ಮನೆ ಮಾತಲ್ಲಿ ಯೋಚನೆ ಮಾಡಿ ಅನ್ನುತ್ತೇನೆ. ನಮ್ಮ ಕಡೆ ‘ಇದ್ದಾನೆ’ಗೆ ‘ಅದಾನ’, ‘ಬರುತ್ತಾ ಇದ್ದಾನೆ’ಗೆ ‘ಬರಾಕತ್ತಾನ’, ಇವೆರಡೂ ಬೇರೆ ಬೇರೆನೇ, ಅಲ್ವಾ? “ನಂಗ ಇಬ್ರು ಅಣ್ಣಾರು ಅದಾರ.” ಇಲ್ಲಿ ‘ಆಕತ್ತ’ ಇಲ್ಲ, ‘ಐ ಹ್ಯಾವ್’. “ಊಟಾ ಮಾಡಾಕತ್ತೀವಿ.” ಇಲ್ಲಿದೆ, ‘ವಿ ಆರ್ ಹ್ಯಾವಿಂಗ್ ಲಂಚ್’. “ಎರಡೆಕರೆ ಹೊಲಾ ಐತಿ”, ಹ್ಯಾವ್. “ಜ್ವರಾ ಬಂದಾವ”, ಹ್ಯಾವ್. “ಉಸಿರಾಡಾಕ ತ್ರಾಸ ಆಗಾಕತ್ತೈತಿ”, ಈಗ ಹ್ಯಾವಿಂಗ್ ಸರಿ. ಬೋರ್ಡಿನ ಎಡಕ್ಕೆ ‘ಐತಿ’, ಬಲಕ್ಕೆ ‘ಆಕತ್ತೈತಿ’ ಬರೆದು, ಒಬ್ಬೊಬ್ಬರ ಕೈಗೆ ಚಾಕ್‌ಪೀಸ್ ಕೊಟ್ಟು ವಾಕ್ಯ ಹಾಕಿಸುತ್ತೇನೆ. ಮನೆ ಮಾತಿಗೆ ನಾಚುವ ಮಕ್ಕಳೂ ಆಗ ಗಟ್ಟಿಯಾಗಿ ಹೇಳುತ್ತಾರೆ. ಅದು ನನಗೆ ಬಹಳ ಇಷ್ಟ.

‘ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅಷ್ಟಕ್ಕೇ ಕೆಲಸ ತಪ್ಪುತ್ತದೆ ಅಂತ ನಾನು ಹೆದರಿಸುವುದಿಲ್ಲ. ನನ್ನ ಲೆಕ್ಕವೂ ಎಲ್ಲ ಕಡೆ ಕೂಡುವುದಿಲ್ಲ. “ತಲಿ ನೋಯಾಕತ್ತೈತಿ” ಅಂದರೂ ‘ಐ ಹ್ಯಾವ್ ಎ ಹೆಡೇಕ್’ ಅಂತಲೇ ಹೇಳಬೇಕು. ಅದೊಂದನ್ನು ಸುಮ್ನೆ ನೆನಪಿಟ್ಟುಕೊಳ್ಳಿ.